ಕರೆಯದೆ ಬರುವವರು

ಸ್ತಾಮೆನಾ ಅಜ್ಜಿ ಬೇಯಿಸಿದ ಗೋಧಿಯನ್ನು ಬಿಳಿ ಬಟ್ಟೆಯ ಮೇಲೆ ಹರವಿ ಆರಲು ಬಿಟ್ಟಿದ್ದಳು. ನಾಳೆ ಸಂತ ನಿಕೋಲನ ದಿನ, ಅವರ ಮನೆಯ ಸ್ಲಾವಾ. ಅಂದರೆ ಮನೆದೇವರ ಹಬ್ಬ. ಗೋಧಿಗೆ ಬೆರೆಸಲು ಅಕ್ರೋಟು ಅರೆಯುವ ಕೆಲಸ ಸೊಸೆ ಯಾಗೋದಾಳದು. ಅವಳ ಒಂದು ಕೈ ಅರೆಯುವ ಯಂತ್ರದ ಹಿಡಿಯ ಮೇಲಿತ್ತು, ಇನ್ನೊಂದು ಫೋನಿನ ಮೇಲೆ. ಹಿಡಿ ತಿರುಗುವುದು ನಿಂತು ಎಷ್ಟೋ ಹೊತ್ತಾಗಿತ್ತು.

"ಏನಂತೆ ನಿನ್ನ ವೆಸೆಲಿನ್‌ಗೆ?" ಅಜ್ಜಿ ಕೇಳಿದಳು.

"ಊಟ ಆಯ್ತಾ ಅಂತಿದ್ದಾರೆ ಅತ್ತೆ."

"ಬೆಳಿಗ್ಗೆಯಿಂದ ಅದನ್ನೇ ಕೇಳ್ತಿದ್ದಾನೆ. ಆ ಮನುಷ್ಯನಿಗೆ ಬೇರೆ ಮಾತು ಬರಲ್ವಾ?"

ಹಾಗೆಂದು ಸ್ತಾಮೆನಾ ಸೊಸೆಯನ್ನು ಕಟ್ಟಿಹಾಕುವ ಅತ್ತೆಯಲ್ಲ. ಮಗ ತೀರಿಕೊಂಡು ಕೆಲವು ವರ್ಷ ಕಳೆದ ಮೇಲೆ "ಇನ್ನೊಂದು ಮದುವೆ ಆಗು ಮಗಾ, ನಿಂಗಿನ್ನೂ ವಯಸ್ಸಿದೆ" ಎಂದು ಮೊದಲು ಬಾಯಿಬಿಟ್ಟವಳೇ ಅವಳು. ಪಕ್ಕದ ಬೀದಿಯ ಪಶುವೈದ್ಯನನ್ನು ಕಾಫಿಗೆಂದು ಮನೆಗೆ ಕರೆಸಿದ್ದಳು ಕೂಡ. ಅವನ ಕೋಟು ಕರುವಿನ ವಾಸನೆ ಹೊಡೆಯುತ್ತದೆ ಎಂದು ಯಾಗೋದಾ ಮೂಗು ಮುರಿದಳು. ಆಮೇಲೆ ಬೇಸಿಗೆಯಲ್ಲಿ ಅವಳೇ ಫೋನಿನಲ್ಲಿ ಒಬ್ಬ ಗಂಡಸನ್ನು ಹುಡುಕಿಕೊಂಡಾಗ ಅಜ್ಜಿ ಖುಷಿಯಿಂದ ಶಿಲುಬೆಯ ಗುರುತು ಹಾಕಿಕೊಂಡಿದ್ದಳು. ಆ ಖುಷಿ ಒಂದು ತಿಂಗಳೂ ಬಾಳಲಿಲ್ಲ.

ವೆಸೆಲಿನ್ ಹಡಗಿನ ಎಂಜಿನಿಯರಂತೆ. ಇದೇ ದೇಶದ ಕ್ರಾಲ್ಯೆವೊ ಊರಲ್ಲಿ ಹುಟ್ಟಿದವನಂತೆ, ಪಾದ್ರಿಯ ಮೊಮ್ಮಗನಂತೆ. ಎಲ್ಲವೂ ಅಂತೆಯೇ. ಫೋಟೋಗಳಲ್ಲಿ ಬಿಸಿಲು, ಬಿಳಿ ಹಲ್ಲು, ಹಿಂದೆ ಸಮುದ್ರ. ಮೊದಲ ವಾರದಲ್ಲೇ "ನೀನೇ ನನ್ನ ಉಸಿರು" ಎಂದು ಬರೆದ. ಆದರೆ ಮುಖ ನೋಡಿ ಮಾತಾಡೋಣ ಎಂದರೆ ಅವನ ಕ್ಯಾಮೆರಾ ಕೆಟ್ಟಿರುತ್ತದೆ. ದನಿಯನ್ನಾದರೂ ಕೇಳೋಣವೆಂದರೆ ನಡುಸಮುದ್ರದಲ್ಲಿ ಸಿಗ್ನಲ್ ಇಲ್ಲ. ದಿನವಿಡೀ ಊಟ ಆಯ್ತಾ ಎಂದು ಕೇಳಲು ಮಾತ್ರ ಆ ಸಿಗ್ನಲ್ ಎಲ್ಲಿಂದ ಬರುತ್ತದೋ ದೇವರೇ ಬಲ್ಲ. ಬರುತ್ತೇನೆಂದು ಒಮ್ಮೆ ಹೇಳಿದ, ಕಾಲು ಉಳುಕಿತು. ಇನ್ನೊಮ್ಮೆ ಹೇಳಿದ, ಕ್ಯಾಪ್ಟನ್ನಿನ ಅಪ್ಪ ಸತ್ತ. ನಮ್ಮ ವಿಷಯ ಯಾರಿಗೂ ಹೇಳಬೇಡ, ಜನ ಕಣ್ಣು ಹಾಕುತ್ತಾರೆ ಎಂದ. ಯಾಗೋದಾ ಗೆಳತಿಯರ ಜೊತೆ ಕಾಫಿಗೆ ಹೋಗುವುದನ್ನೂ ಬಿಟ್ಟಳು. ಅಂಗೈ ಮೇಲೆ ಬರೆದಿಟ್ಟಂತೆ ಕಾಣುವ ಈ ಸಂಗತಿಗಳು ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುವ ಶಿಶುವಿಹಾರದ ಟೀಚರ್ ಯಾಗೋದಾಳಿಗೆ ಕಾಣುತ್ತಿರಲಿಲ್ಲವಲ್ಲ, ಅಜ್ಜಿಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

"ನಾಳೆ ಬರ್ತಾರೆ ಅತ್ತೆ," ಯಾಗೋದಾ ಹೇಳಿದಳು. "ಹಡಗು ಮಾಂಟೆನೆಗ್ರೊ ಬಂದರಿಗೆ ಬಂದಿದೆ. ಅಲ್ಲಿಂದ ನಮ್ಮ ಉಜಿತ್ಸೆಗೆ ನೇರ ರೈಲಿದೆಯಲ್ಲ. ಹುರಿದ ಹಂದಿಮರಿ ಒಂದು ತುಂಡು ನಂಗೆ ಎತ್ತಿಡು ಅಂತ ತಮಾಷೆ ಮಾಡ್ತಿದ್ದಾರೆ."

ಅಜ್ಜಿಯ ಕೈ ಗೋಧಿಯ ಮೇಲೆ ನಿಂತಿತು. "ಹಂದಿಮರೀನಾ? ನಾಳೇನಾ? ಕ್ರಿಸ್‌ಮಸ್ ಉಪವಾಸದಲ್ಲಿ ಯಾರಾದ್ರೂ ಮಾಂಸ ಮುಟ್ತಾರಾ? ಮೀನು ಬಿಟ್ಟು ಬೇರೇನು ಮಾಡ್ತಾರೆ ಸಂತ ನಿಕೋಲನಿಗೆ? ಪಾದ್ರಿ ಮೊಮ್ಮಗ ಅಂದಿದ್ದ ತಾನೇ?"

"ಎಷ್ಟು ವರ್ಷದಿಂದ ಸಮುದ್ರದ ಮೇಲಿದ್ದಾರೆ. ಮರೆತಿರ್ತಾರೆ."

"ಅವನು ನೆಪ ಹೇಳೋದೂ ಬೇಕಾಗಿಲ್ಲ ಕಣೇ. ನೀನೇ ಕೂತು ಹೊಲಿದು ಕೊಡ್ತೀಯ."

ಯಾಗೋದಾ ಫೋನನ್ನು ಮಗುಚಿಟ್ಟಳು. "ಹೇಗೂ ಹೇಳಲೇಬೇಕು, ಹೇಳಿಬಿಡ್ತೀನಿ. ನಾಳೆ ನಮ್ಮ ಶಿಶುವಿಹಾರದ ಲೆಪಾ ಮೇಡಂ ಬಂದಾಗ ಕೆಲಸ ಬಿಡ್ತೀನಿ ಅಂತ ಹೇಳ್ತೀನಿ. ಜನವರೀಲಿ ಅವರ ಹಡಗು ಇಟಲಿಗೆ ಹೋಗುತ್ತೆ. ಅಲ್ಲಿ ತ್ರಿಯೆಸ್ತೆ ಅನ್ನೋ ಊರಲ್ಲಿ ಮನೆ ನೋಡಿದ್ದಾರೆ. ನಾನು ಅಲ್ಲಿಗೆ ಹೋಗ್ತೀನಿ. ಪಾಸ್‌ಪೋರ್ಟ್ ಫೋಟೋ ತೆಗೆದು ಕಳಿಸು ಅಂದಿದ್ದಾರೆ, ಯಾವುದೋ ಕಾಗದಕ್ಕೆ ಬೇಕಂತೆ. ಒಬ್ಬಳೇ ಬಾ ಅಂದಿದ್ದಾರೆ."

"ಒಬ್ಬಳೇ," ಅಜ್ಜಿ ಅಂದಳು. "ಮುಖ ನೋಡಿಲ್ಲ, ದನಿ ಕೇಳಿಲ್ಲ. ಕೆಲಸ ಬಿಟ್ಟು, ಪಾಸ್‌ಪೋರ್ಟ್ ಕೊಟ್ಟು, ಗೊತ್ತಿಲ್ಲದ ಊರಿಗೆ ಒಬ್ಬಳೇ. ನಿಂಗೇನು ತಲೆ ಕೆಟ್ಟಿದೆಯಾ? ನಿನ್ನ ಶಿಶುವಿಹಾರದ ಮಗು ಹೀಗೆ ಯಾರದೋ ಹಿಂದೆ ಹೊರಟ್ರೆ ಬಿಡ್ತೀಯ ನೀನು?"

"ನಿಮ್ಮ ಮಗನ ಜಾಗಕ್ಕೆ ಬೇರೆಯವರು ಬರೋದು ನಿಮಗೆ ಇಷ್ಟ ಇಲ್ಲ ಅಷ್ಟೇ!"

"ಸುಳ್ಳು ಹೇಳಬೇಡ. ಆ ಪಶುವೈದ್ಯನಿಗೆ ನನ್ನ ಕೈಯಾರೆ ಕಾಫಿ ಮಾಡಿಕೊಟ್ಟಿದೀನಿ. ಮದುವೆ ಆಗು ಮಾರಾಯ್ತಿ, ಬೇಡ ಅಂದೋರ್ಯಾರು? ಆದ್ರೆ ಮೂಗು ಬಾಯಿ ಇರೋ ಗಂಡಸನ್ನ ಆಗು!"

ಯಾಗೋದಾಳ ಕಣ್ಣು ತುಂಬಿತು. "ಸಂಜೆ ಐದಕ್ಕೆ ಕತ್ತಲಾಗುತ್ತೆ ಅತ್ತೆ. ಆಮೇಲೆ ಈ ಮನೇಲಿ ನನ್ನ ಹೆಸರು ಕರೆಯೋರು ನೀವೊಬ್ರೇ. ನೀವು ಕರೆಯೋದೂ ಮಾತ್ರೆ ಎಲ್ಲಿಟ್ಟೆ ಅಂತ ಕೇಳೋಕೆ. ಊಟ ಆಯ್ತಾ ಅಂತ ಅವರೊಬ್ರೇ ಕೇಳೋದು ನನ್ನ."

ಅಜ್ಜಿ ಗೋಧಿಯ ಮೇಲೆ ಇನ್ನೊಂದು ಬಟ್ಟೆ ಹೊದಿಸಿ ಕೈ ತೊಳೆದುಕೊಂಡಳು.

ಮರುದಿನ ಮಧ್ಯಾಹ್ನದಿಂದಲೇ ಜನ ಬರತೊಡಗಿದರು. ಮೇಜಿನ ಮೇಲೆ ಉದ್ದನೆಯ ಮೇಣದಬತ್ತಿ ಉರಿಯುತ್ತಿತ್ತು. ಬಂದವರೆಲ್ಲ ಮೊದಲು ಒಂದು ಚಮಚ ಗೋಧಿ ಬಾಯಿಗೆ ಹಾಕಿಕೊಂಡು, ಆಮೇಲೆ ಮೀನು, ಹುರುಳಿಕಾಯಿ ಬೀಜದ ಪಲ್ಯ, ಹಣ್ಣಿನ ಸಾರಾಯಿ ರಾಕಿಯಾ ಎಂದು ಕೂತರು. ಎಷ್ಟು ಜನ ಬರುತ್ತಾರೆಂದು ಯಾರಿಗೂ ಗೊತ್ತಿರುವುದಿಲ್ಲ, ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿ ಇಲ್ಲವಲ್ಲ. ಮನೆಯವರು ಬಾಗಿಲು ತೆರೆದಿಟ್ಟು ಕಾಯುವುದು, ನಮ್ಮವರು ಎಂದುಕೊಂಡವರು ಬರುವುದು, ಅಷ್ಟೇ. ಒಲೆಯ ಪಕ್ಕದ ಬೆಚ್ಚಗಿನ ಕುರ್ಚಿಯನ್ನು ಮಾತ್ರ ಯಾಗೋದಾ ಯಾರಿಗೂ ಬಿಟ್ಟುಕೊಡಲಿಲ್ಲ. "ಅದು ಒಬ್ಬರಿಗೆ ಇಟ್ಟಿದ್ದೀನಿ" ಎನ್ನುತ್ತಿದ್ದಳು. ಹೊಸ ನೀಲಿ ಉಡುಪು ಹಾಕಿಕೊಂಡು, ಗಂಟೆ ಸದ್ದಾದಾಗಲೆಲ್ಲ ಕೂದಲು ಸರಿಮಾಡಿಕೊಂಡು ಬಾಗಿಲಿಗೆ ಓಡುತ್ತಿದ್ದಳು. ನೋಡುವವರಿಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ರೆನ್ನುತ್ತಿತ್ತು.

ರೈಲು ಬಂದು ಹೋಗುವ ಹೊತ್ತೂ ದಾಟಿತು. ಶಿಶುವಿಹಾರದ ಮುಖ್ಯಸ್ಥೆ ಲೆಪಾ ಮೇಡಂ ಮೀನಿನ ಮುಳ್ಳು ಬಿಡಿಸುತ್ತ, "ಏನೋ ಹೇಳಬೇಕು ಅಂದಿದ್ಯಲ್ಲ ಯಾಗೋದಾ?" ಎಂದರು. "ಹೇಳ್ತೀನಿ ಮೇಡಂ, ಸ್ವಲ್ಪ ಇರಿ" ಎಂದಳು ಅವಳು. ಅಷ್ಟರಲ್ಲಿ ಮತ್ತೆ ಗಂಟೆ ಸದ್ದಾಯಿತು.

ಬಾಗಿಲಲ್ಲಿದ್ದವನು ಪಕ್ಕದ ಮನೆಯ ತಿಹೋಮಿರ್. ಚರಂಡಿ ನೀರಿನ ಜಗಳದಲ್ಲಿ ಅವನಿಗೂ ಅಜ್ಜಿಗೂ ಮಾತು ಬಿಟ್ಟುಹೋಗಿತ್ತು. ಬೇಲಿಯ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡುವುದಷ್ಟೇ ಅವರ ನೆರೆಹೊರೆ. ಈಗ ಅವನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಾಟಲಿಯೊಂದನ್ನು ಎದೆಗೊತ್ತಿಕೊಂಡು ನಿಂತಿದ್ದ.

"ನಿನ್ನ ಅತ್ತೆ ಹತ್ರ ನಂಗೆ ಮಾತಿಲ್ಲ," ಎಂದ. "ಸ್ಲಾವಾ ಅಂತ ಬಂದೆ."

"ಚರಂಡಿ ಕಳ್ಳನಿಗೆ ಮೀನು ಹಾಕೇ," ಒಳಗಿನಿಂದ ಅಜ್ಜಿ ಕೂಗಿದಳು. "ದೊಡ್ಡ ತುಂಡು ಹಾಕು!"

ಒಲೆಯ ಪಕ್ಕದ ಕುರ್ಚಿ ಬೇರೊಬ್ಬರಿಗೆ ಎಂದು ಯಾಗೋದಾ ಅವನಿಗೂ ಹೇಳಿದಳು, ಬಾಗಿಲ ಬಳಿಯ ಮುಕ್ಕಾಲಿ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅವನು ಅಲ್ಲೇ ಕೂತು, ಗಾಳಿಗೆ ಕತ್ತು ಹಿಡಿಯುತ್ತದೆಂದು ಗೊಣಗುತ್ತ ಗೋಧಿಯ ಚಮಚ ಎತ್ತಿದ. ಆಗಲೇ ಯಾಗೋದಾಳ ಫೋನು ಗುಂಯ್ ಎಂದಿತು.

'ನಾನು ಬರಲಿಲ್ಲ. ನೀನು ಹಬ್ಬ ಇದೆ ಎಂದೆಯೇ ಹೊರತು ಒಂದು ಸಲವಾದರೂ ಬಾ ಎಂದು ಕರೆದೆಯಾ? ಕರೆಯದ ಮನೆಗೆ ನಾನು ಹೇಗೆ ಬರಲಿ? ತುಂಬಾ ನೋವಾಗಿದೆ. ನಿನ್ನ ಮನೆಯವರು ನಿನ್ನನ್ನು ಬದಲಾಯಿಸಿದ್ದಾರೆ.'

ಅವಳ ಬೆರಳು ರೂಢಿಯಂತೆ 'ಕ್ಷಮಿಸಿ, ನನ್ನದೇ ತಪ್ಪು' ಎಂದು ಬರೆಯಲು ಶುರುಮಾಡಿಯೇಬಿಟ್ಟಿತ್ತು. ಬರೆಯುತ್ತಲೇ ಅವಳು ತಲೆ ಎತ್ತಿದಳು. ಎದುರಿಗೆ ತಿಹೋಮಿರ್ ಗಡ್ಡಕ್ಕೆ ಅಂಟಿದ ಗೋಧಿ ಒರೆಸಿಕೊಳ್ಳುತ್ತಿದ್ದ.

"ತಿಹೋಮಿರ್ ಮಾಮ, ನಿಮ್ಮನ್ನ ಇಲ್ಲಿಗೆ ಯಾರು ಕರೆದ್ರು?"

ತಿಹೋಮಿರ್‌ನ ಮುಖ ಕೆಂಪಾಯಿತು. "ಕರೆಯೋದಾ? ಸ್ಲಾವಾಕ್ಕಾ? ಏನಮ್ಮಾ ಇದು, ಮನೆಗೆ ಬಂದವನಿಗೆ ಹೀಗೆ ಅವಮಾನ ಮಾಡೋದಾ? ನಮ್ಮ ದೇಶದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು, ಸ್ಲಾವಾಕ್ಕೆ ಯಾರೂ ಕರೆಯೋದಿಲ್ಲ!"

"ಗೊತ್ತು ಮಾಮ," ಯಾಗೋದಾ ಮೆಲ್ಲನೆ ಹೇಳಿದಳು. "ತಪ್ಪು ತಿಳಿಬೇಡಿ. ಸುಮ್ಮನೆ ಕೇಳಿದೆ."

ಬರೆದಿದ್ದ ಕ್ಷಮೆಯನ್ನು ಅಳಿಸಿ, 'ನಿಮ್ಮ ಮನೆಯ ಸ್ಲಾವಾ ಯಾವ ಸಂತನದು?' ಎಂದು ಕೇಳಿದಳು. ತಮ್ಮ ಹೆಸರು ಮರೆತರೂ ಇದನ್ನು ಮರೆಯುವವರು ಈ ಕಡೆ ಹುಟ್ಟಿಲ್ಲ. ಉತ್ತರ ತಟ್ಟನೆ ಬಂತು: 'ಅದೆಲ್ಲ ಈಗ ಯಾಕೆ ಚಿನ್ನ? ಪಾಸ್‌ಪೋರ್ಟ್ ಫೋಟೋ ಯಾವಾಗ ಕಳಿಸುತ್ತೀಯ?'

ಅವಳು ಅದನ್ನು ಎರಡು ಸಲ ಓದಿದಳು. ಕೆಟ್ಟ ಕ್ಯಾಮೆರಾ, ಉಳುಕಿದ ಕಾಲು, ಸತ್ತ ಅಪ್ಪ, ಹಂದಿಮರಿ, ಎಲ್ಲಕ್ಕೂ ತಾನೇ ಹೊಲಿದುಕೊಟ್ಟ ನೆಪಗಳು ನೆನಪಾಗಿ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆ ಹೆಸರನ್ನು ಫೋನಿನಿಂದ ತೆಗೆದುಹಾಕಿ, ಮತ್ತೆ ಬಾರದಂತೆ ತಡೆದು, ಫೋನನ್ನು ಬ್ರೆಡ್ ಡಬ್ಬಿಯೊಳಗಿಟ್ಟು ಮುಚ್ಚಿದಳು.

"ಏನೋ ಹೇಳಬೇಕು ಅಂದ್ಯಲ್ಲ," ಲೆಪಾ ಮೇಡಂ ನೆನಪಿಸಿದರು.

"ಹೌದು ಮೇಡಂ. ಸೋಮವಾರದಿಂದ ಬೆಳಗಿನ ಪಾಳಿ ಮಾತ್ರ ನಂಗೆ ಕೊಡಿ. ಸಂಜೆ ಗೆಳತಿಯರ ಜೊತೆ ಕಾಫಿಗೆ ಹೋಗೋಕೆ ಬಿಡುವಾಗುತ್ತೆ."

ಆಮೇಲೆ ತಿಹೋಮಿರ್‌ನ ತಟ್ಟೆಯನ್ನು ತಾನೇ ಎತ್ತಿಕೊಂಡಳು. "ಏಳಿ ಮಾಮ. ಒಲೆ ಹತ್ರ ಕೂತ್ಕೊಳ್ಳಿ."

"ಅದು ಯಾರಿಗೋ ಇಟ್ಟಿದ್ದು ಅಂದ್ಯಲ್ಲ?"

"ಅವರು ಬರಲ್ಲ. ಅವರನ್ನ ಕರೀಬೇಕಂತೆ."

ತಿಹೋಮಿರ್‌ಗೆ ಏನೂ ಅರ್ಥವಾಗಲಿಲ್ಲ, ಅಜ್ಜಿಗೆ ಎಲ್ಲ ಅರ್ಥವಾಯಿತು. ನಿನ್ನೆಯಿಂದ ನಾಲಿಗೆಯ ತುದಿಯಲ್ಲಿ ಕಾದು ಕೂತಿದ್ದ 'ನಾನು ಹೇಳಲಿಲ್ವಾ' ಎಂಬ ಮಾತನ್ನು ಅವಳು ರಾಕಿಯಾದ ಜೊತೆ ನುಂಗಿದಳು. ಸೊಸೆ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿದಾಗ ಅಜ್ಜಿ ಕರೆದಳು.

"ಯಾಗೋದಾ!"

"ಮಾತ್ರೆ ಕಿಟಕಿ ಹತ್ರ ಇಟ್ಟಿದ್ದೀನಿ ಅತ್ತೆ."

"ಮಾತ್ರೆಗಲ್ಲ ಕಣೇ," ಅಜ್ಜಿ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಜಾಗ ಮಾಡಿದಳು. "ಬೆಳಿಗ್ಗೆಯಿಂದ ನೀನು ಏನೂ ತಿಂದಿಲ್ಲ. ಬಾ, ಕೂತ್ಕೋ, ಊಟ ಮಾಡು."