ಪ್ರಫುಲ್ಲಕ್ಕನ ಗೋಲಿ

ಮನೆ ನೋಡಲು ಹೋದವರು ಯಾರಾದರೂ ಕಣ್ಣು ಮುಚ್ಚಿಕೊಳ್ಳುತ್ತಾರೆಯೇ? ಪ್ರಫುಲ್ಲಕ್ಕ ಮುಚ್ಚಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಕಳಚಿ, ಬರಿಗಾಲನ್ನು ನೆಲಕ್ಕೆ ಒತ್ತಿ, ದೇವರ ಮುಂದೆ ನಿಂತವರ ಹಾಗೆ ಕಣ್ಣು ಮುಚ್ಚಿ ಒಂದು ನಿಮಿಷ ನಿಂತುಬಿಡುತ್ತಿದ್ದರು. ನೆಲದಿಂದ ತೇವ ಏರುತ್ತದೆಯೇ, ಪಕ್ಕದ ಮನೆಯ ಟಿವಿ ಗೋಡೆ ದಾಟಿ ಬರುತ್ತದೆಯೇ, ಚರಂಡಿಯ ವಾಸನೆ ಯಾವ ದಿಕ್ಕಿನದು ಎಂಬುದೆಲ್ಲ ಅವರಿಗೆ ಆ ಒಂದು ನಿಮಿಷದಲ್ಲಿ ತಿಳಿದುಹೋಗುತ್ತಿತ್ತು. ಆಮೇಲೆ ಕಣ್ಣು ತೆರೆದು, ಕೋಟಿನ ಜೇಬಿನಿಂದ ಹಸಿರು ಗಾಜಿನ ಗೋಲಿಯೊಂದನ್ನು ತೆಗೆದು ನೆಲದ ಮೇಲೆ ಇಡುತ್ತಿದ್ದರು. ಗೋಲಿ ನಿಂತರೆ ಬಾಡಿಗೆಯ ಮಾತು. ಉರುಳಿತೋ, "ಈ ಬಿಲ್ಡಿಂಗು ಮಲಗ್ಲಿಕ್ಕೆ ಹೊರಟಿದೆ ಮಾರಾಯ್ರೆ, ಬನ್ನಿ ಹೋಗುವ" ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

ಹೌದು, ಕೋಟು. ಸೀರೆಯ ಮೇಲೆ ಕೋಟು! ಮುಂಬಯಿಯ ಬೈಕುಲ್ಲಾದ ಹೋಟೆಲೊಂದರಲ್ಲಿ ಮಾಣಿಗಳ ಮೇಲಿನ ಕ್ಯಾಪ್ಟನ್ ಆಗಿದ್ದ ಅವರ ಗಂಡ ತೊಡುತ್ತಿದ್ದ ಕಾಫಿಬಣ್ಣದ ಕೋಟು ಅದು. ಆತ ತೀರಿಕೊಂಡ ಮೇಲೆ ಅದನ್ನು ಬೀರುವಿನಲ್ಲಿಟ್ಟು ಕಣ್ಣೀರು ಹಾಕುವ ಸ್ವಭಾವ ಆಕೆಯದಲ್ಲ, ಬೀರುವೂ ಇರಲಿಲ್ಲವೆನ್ನಿ. ಮೇ ತಿಂಗಳ ಸೆಕೆಯಲ್ಲಿ ನಾವೆಲ್ಲ ಬೆವರಿ ಬೆಂಡಾಗಿರುವಾಗಲೂ ಆಕೆ ಅದನ್ನು ಧರಿಸಿಯೇ ಸ್ಟೇಷನ್ನಿನ ಮೆಟ್ಟಿಲಿಳಿಯುತ್ತಿದ್ದರು. ಕೇಳಿದರೆ ಒಂದೇ ಉತ್ತರ: "ಸೀರೆಗೆ ಜೇಬು ಎಲ್ಲಿ ಉಂಟು?"

ಬೆಳಿಗ್ಗೆ ಎರಡು ಮನೆಗಳ ಅಡುಗೆ. ಮಧ್ಯಾಹ್ನದಿಂದ ಊರವರಿಗೆ ಖೋಲಿ, ಅಂದರೆ ಬಾಡಿಗೆ ಕೋಣೆ, ಹುಡುಕಿಕೊಡುವ ಕೆಲಸ. ಉಡುಪಿ, ಮಂಗಳೂರು, ವಿಜಯಪುರ, ಕಲಬುರಗಿ, ಯಾರೇ ಬರಲಿ, ದಲಾಲಿಯೆಂದು ನಯಾಪೈಸೆ ಮುಟ್ಟುತ್ತಿರಲಿಲ್ಲ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ದಿನ ತನ್ನನ್ನು ಕರೆಯಬೇಕು, ಮೊದಲ ಲೋಟ ತನಗೇ ಕೊಡಬೇಕು. ಅಷ್ಟೇ ಕರಾರು.

ಅವರ ನಡಿಗೆಯನ್ನು ಹೇಳದೆ ಚಿತ್ರ ಪೂರ್ತಿಯಾಗದು. ತಲೆಯ ಮೇಲೆ ಕೊಡವಿದ್ದಂತೆ ಕುತ್ತಿಗೆ ನೆಟ್ಟಗೆ, ತುಟಿಗಳು ಮಾತ್ರ ಅಲುಗಾಡುತ್ತಿದ್ದವು. ಊರವರೊಬ್ಬರಿಗೆ ಮನೆ ನೋಡಲು ಜೊತೆಗೆ ಹೋದ ಮೊದಲ ದಿನ, ಶಾಲಾ ಮೇಷ್ಟ್ರಾದ ನಾನು ಅದನ್ನು ನಾಮಸ್ಮರಣೆಯೆಂದೇ ಭಾವಿಸಿದ್ದೆ. ಅದು ಹೆಜ್ಜೆಯ ಲೆಕ್ಕ! ಸ್ಟೇಷನ್ನಿನಿಂದ ಐದೇ ನಿಮಿಷವೆಂದು ಪ್ರಮಾಣ ಮಾಡುವ ದಲಾಲರ ಮೇಲೆ ಅವರಿಗೆ ಕಿಂಚಿತ್ತೂ ನಂಬಿಕೆಯಿರಲಿಲ್ಲ. "ಕೈಯಲ್ಲಿ ಎರಡು ಚೀಲ, ಸೊಂಟದಲ್ಲಿ ಮಗು ಇದ್ರೆ ಅವರ ಐದು ನಿಮಿಷ ಹದಿನೈದಾಗ್ತದೆ ಮೇಷ್ಟ್ರೆ" ಎನ್ನುತ್ತಿದ್ದರು.

ಗಾರೆ ಕೆಲಸದ ನಿಂಗಣ್ಣನನ್ನು ಅವರ ಜೊತೆಯಲ್ಲೇ ನೋಡಿದ್ದು. ಚೆಂಬೂರಿನಲ್ಲಿ ನಲವತ್ತು ಮಹಡಿಯ ಗೋಪುರ ಕಟ್ಟಿದವರಲ್ಲಿ ಆತನೂ ಒಬ್ಬ. ಕೆಲಸ ಮುಗಿದ ವಾರದಲ್ಲೇ ತಗಡಿನ ಶೆಡ್ಡು ಕಿತ್ತು, ಹೆಂಡತಿ ಮಕ್ಕಳ ಸಮೇತ ಬೀದಿಗೆ ಅಟ್ಟಿದ್ದರು. "ನಾ ಕಟ್ಟಿದ ಬಿಲ್ಡಿಂಗಿನ ಗೇಟಿನ್ಯಾಗ ನನ್ನ ನಿಂದರಿಸಿ, ಯಾರ ಬೇಕು ಅಂತ ಕೇಳ್ತಾರ್ರಿ" ಎಂದು ಆತ ನಗುತ್ತಲೇ ಹೇಳಿದ. ಪ್ರಫುಲ್ಲಕ್ಕ ನಗಲೂ ಇಲ್ಲ, ಮರುಗಲೂ ಇಲ್ಲ. ಮೂರು ದಿನ ಮಾನ್‌ಖುರ್ದಿನ ಗಲ್ಲಿಗಳನ್ನು ಸುತ್ತಿ, ಗೋಲಿ ನಿಲ್ಲುವಂಥ ಒಂದು ನೆಲ ಹುಡುಕಿಕೊಟ್ಟು, ಹಾಲು ಕುಡಿದು ಹೋದರು.

ಹೀಗೆ ಖೋಲಿ ಹುಡುಕುವವರ ಸಾಲಿನಲ್ಲಿ ಒಂದು ದಿನ ನಾನೂ ನಿಲ್ಲಬೇಕಾದೀತೆಂದು ಯಾರು ಕಂಡಿದ್ದರು! ಘಾಟ್ಕೋಪರಿನಲ್ಲಿ ನಾವು ಬಾಡಿಗೆಗಿದ್ದ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಾರೆಂಬ ನೋಟೀಸು ಜನವರಿಯಲ್ಲಿ ಬಾಗಿಲಿಗೆ ಬಿತ್ತು. ಮನೆಯ ಒಡೆಯರಿಗೆ ಹೊಸ ಫ್ಲ್ಯಾಟು; ಹನ್ನೊಂದು ತಿಂಗಳ ಎಗ್ರಿಮೆಂಟಿನ ನಮಗೆ ಒಂದು ತಿಂಗಳ ಗಡುವು. ಮಗಳು ವಿಜೇತಾ ಹತ್ತನೇ ತರಗತಿ, ಮಾರ್ಚಿನಲ್ಲಿ ಪರೀಕ್ಷೆ. ಅವಳ ಶಾಲೆಗೆ ಹತ್ತಿರದಲ್ಲಿ, ಶಾಲಾ ಮೇಷ್ಟ್ರ ಸಂಬಳಕ್ಕೆ ನಿಲುಕುವ ಒಂದು ಖೋಲಿ ಸಿಗಬೇಕು. ಇಲ್ಲದಿದ್ದರೆ ಕಲ್ಯಾಣದಾಚೆ ಹೋಗಿ, ಆ ಹುಡುಗಿ ದಿನಕ್ಕೆ ನಾಲ್ಕು ಗಂಟೆ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಬೇಕು.

ಇಪ್ಪತ್ತೆರಡು ವರ್ಷ ಇದೇ ಮುಂಬಯಿಯ ಉಪ್ಪುನೀರು ಕುಡಿದವನು ನಾನು, ಈ ನಗರ ನನಗೆ ಗೊತ್ತು ಎಂಬ ಜಂಭ ನನಗಿತ್ತು. ಒಂದೇ ವಾರದಲ್ಲಿ ಅದು ಇಳಿಯಿತು. ಅಬ್ಬಬ್ಬಾ, ಏನು ಬಾಡಿಗೆ! ಏನು ಡಿಪಾಜಿಟ್ಟು! ಬೈಕುಲ್ಲಾದಲ್ಲಿ ಮರದ ಏಣಿ ಹತ್ತಿ ಹೋದ ಖೋಲಿಯಲ್ಲಿ ಗೋಲಿ ಬಾಗಿಲಿನಿಂದ ಹೊರಟು ನೇರ ಮೋರಿಗೆ ಹೋಗಿ ಬಿತ್ತು. ಅದಕ್ಕೂ ಅದರ ಒಡೆಯ ಪುಣ್ಯಾತ್ಮ ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚು ಕೇಳಿದ. ಇನ್ನೊಂದೆಡೆ ಮನೆಯೆಂದು ತೋರಿಸಿದ್ದು ಮೆಟ್ಟಿಲ ಕೆಳಗಿನ ಸಂದು, ಅದರಲ್ಲಾಗಲೇ ಒಬ್ಬ ಮುದುಕಿ ಮಲಗಿದ್ದಳು. "ಅವಳು ಹೋಗ್ತಾಳೆ" ಎಂದ ದಲಾಲ. ಎಲ್ಲಿಗೆ ಎಂದು ನಾನು ಕೇಳಿದೆ. ಆತ ಹುಚ್ಚನೊಬ್ಬನನ್ನು ನೋಡುವಂತೆ ನನ್ನನ್ನು ನೋಡಿದ.

ಕೊನೆಗೆ ಒಂದು ಮಧ್ಯಾಹ್ನ ಪ್ರಫುಲ್ಲಕ್ಕ ನಮ್ಮನ್ನು ಚೆಂಬೂರಿನಲ್ಲಿ ಒಬ್ಬ ಸೇಟ್ ಒಡೆತನದ, ಸಾಲುಖೋಲಿಗಳ ಒಂದು ಚಾಳಿಗೆ ಕರೆದುಕೊಂಡು ಹೋದರು. ದಾರಿಯಲ್ಲೇ, ಎಲ್ಲರಿಗೂ ಹೇಳುವ ತಾಕೀತನ್ನು ನನ್ನ ಹೆಂಡತಿ ನಮಿತಾಗೂ ಹೇಳಿದ್ದರು: "ಸೇಟ್ ಎದುರು ಮನೆಯನ್ನು ಹೊಗಳ್ಬೇಡಿ. ಮುಖ ಸಪ್ಪೆ ಮಾಡಿ ನಿಲ್ಲಿ. ಉಳಿದದ್ದು ನನಗೆ ಬಿಡಿ." ಒಳಗೆ ಹೋಗುತ್ತಲೇ ಅಲ್ಲಿಯ ಹೆಂಗಸರೆಲ್ಲ ಅವರನ್ನು ಮಾತಾಡಿಸಿದರು, ಯಾವ ಚಾಳಿಗೆ ಹೋದರೂ ಮಾತಾಡಿಸುತ್ತಿದ್ದುದರಿಂದ ನಾನು ಅದಕ್ಕೆ ಲಕ್ಷ್ಯ ಕೊಡಲಿಲ್ಲ. ಖೋಲಿಯ ಹಿಂಬದಿಯ ಕಿಟಕಿ ತೆರೆದರೆ ಚೊಕ್ಕಟವಾದ ಗಲ್ಲಿ, ಡಬ್ಬಿಗಳಲ್ಲಿ ತುಳಸಿ, ಸಾಲಾಗಿ ಮೂರು ನಲ್ಲಿ. ಒಳಗೆ ನುಗ್ಗಿತು ನೋಡಿ ಗಾಳಿ! ಎರಡು ವಾರ ಕತ್ತಲಕೋಣೆಗಳನ್ನೇ ಕಂಡ ನಮಿತಾಗೆ ತಾಕೀತು ಮರೆತೇಹೋಯಿತು. "ಅಯ್ಯೋ, ಎಂಥ ಗಾಳಿ ಬೆಳಕು! ಘಾಟ್ಕೋಪರಿನಲ್ಲಿ ಇದಕ್ಕೆ ಎರಡು ಪಟ್ಟು ಕೊಡ್ಬೇಕು" ಎಂದುಬಿಟ್ಟಳು, ಅದನ್ನೇ ಹಿಂದಿಯಲ್ಲಿ ಸೇಟನಿಗೂ ಹೇಳಿದಳು. ನಾನಾದರೂ ತೆಪ್ಪಗಿದ್ದೆನೇ? ದೊಡ್ಡಸ್ತಿಕೆಯಿಂದ ನನ್ನ ಫೋನ್ ನಂಬರನ್ನೂ ಬರೆದುಕೊಟ್ಟೆ. ಪ್ರಫುಲ್ಲಕ್ಕ ನಮಿತಾಳ ಕೈ ಚಿವುಟುವಷ್ಟರಲ್ಲಿ ಮಾತು ಆಡಿ ಆಗಿತ್ತು. ಸೇಟ್ ಆ ಗಲ್ಲಿಯನ್ನು ಅದೇ ಮೊದಲ ಸಲ ಕಂಡವನಂತೆ ಕಣ್ಣರಳಿಸಿ ನೋಡಿದ, ನಿಂತ ಜಾಗದಲ್ಲೇ ಬಾಡಿಗೆ ಏರಿಸಿದ. ಆ ಖೋಲಿ ನಮ್ಮ ಕೈತಪ್ಪಿತು.

ಹಿಂದಿರುಗುವಾಗ ಪ್ರಫುಲ್ಲಕ್ಕ ಬೈಯಲಿಲ್ಲ. ಹೆಜ್ಜೆಯನ್ನೂ ಎಣಿಸಲಿಲ್ಲ.

ಗಡುವಿಗೆ ಆರು ದಿನ ಉಳಿದಿದ್ದಾಗ ಸೇಟನೇ ಫೋನು ಮಾಡಿದ. ಅದೇ ಚಾಳಿಯಲ್ಲಿ ಮೂಲೆಯ ಖೋಲಿ, ಸ್ವಲ್ಪ ಚಿಕ್ಕದು, ಖಾಲಿಯಾಗಿದೆಯಂತೆ. ಬಾಡಿಗೆ ಹೊಟ್ಟೆ ಬಟ್ಟೆ ಕಟ್ಟಿದರೆ ನಮಗೆ ನಿಲುಕುವಂಥದು. ಪ್ರಫುಲ್ಲಕ್ಕನನ್ನು ಬಿಟ್ಟು ನೇರವಾಗಿ ಒಪ್ಪಿಕೊಳ್ಳಲು ನಾಚಿಕೆಯಾಗಿ ಅವರಿಗೆ ಫೋನು ಹಚ್ಚಿದೆ. ಆ ಕಡೆ ಲೋಕಲ್ಲಿನ ಸದ್ದಿತ್ತು. "ತಕ್ಕೊಳ್ಳಿ ಮೇಷ್ಟ್ರೆ" ಎಂದರು. "ಅದು ಒಳ್ಳೆ ಖೋಲಿ. ನಾನು ನೋಡಿದ್ದೇನೆ."

ಹಾಲು ಉಕ್ಕಿಸುವ ಭಾನುವಾರ ಬೆಳಿಗ್ಗೆ ಅವರು ತಡವಾಗಿ ಬಂದರು. ಕೋಟಿನ ತೋಳು ನೂಕುನುಗ್ಗಲಿನಲ್ಲಿ ಹೊಲಿಗೆ ಬಿಟ್ಟಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಆದರೆ ಕಣ್ಣು ಮುಚ್ಚಲಿಲ್ಲ, ಗೋಲಿಯನ್ನೂ ತೆಗೆಯಲಿಲ್ಲ. ಅಡುಗೆಯ ಮೂಲೆ ಕತ್ತಲಾಗಿತ್ತು. ಅಲ್ಲಿಯ ದೀಪದ ಸ್ವಿಚ್ಚು ಎಲ್ಲಿದೆಯೆಂದು ಕೀಲಿಕೈ ಸಿಕ್ಕ ಎರಡು ದಿನಗಳಿಂದ ನಾವು ಮೂವರೂ ತಡಕಾಡಿ ಸೋತಿದ್ದೆವು. ಪ್ರಫುಲ್ಲಕ್ಕ ನಮಿತಾಳ ಜೊತೆ ಮಾತಾಡುತ್ತಲೇ, ಆ ಕಡೆ ತಿರುಗಿಯೂ ನೋಡದೆ, ಕಲ್ಲಿನ ಹಲಗೆಯ ಹಿಂದಕ್ಕೆ ಕೈಹಾಕಿದರು. ದೀಪ ಹತ್ತಿತು.

"ಆಂಟಿ, ನಿಮಗೆ ಕೈಸೇ ಪತಾ, ಹೇಗೆ ಗೊತ್ತಾಯ್ತು?" ಎಂದಳು ವಿಜೇತಾ.

ಅವರು ಉತ್ತರಿಸುವ ಮೊದಲೇ ಪಕ್ಕದ ಖೋಲಿಯ ಮಹಾದೇವಿ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ಹೊಸಾ ಖೋಲಿ ಎಲ್ಲಿ ಸಿಕ್ಕತ್ರಿ? ನೀವು ಹ್ವಾದ ಮ್ಯಾಲ ನಿಮ್ಮ ತುಳಸಿಗೆ ನಾನ ನೀರ್ ಹಾಕಾಕತ್ತೀನಿ."

ನಾವು ಹಿಡಿದ ಖೋಲಿ ಅವರದೇ ಆಗಿತ್ತು. ನಮಿತಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಶಿವನೇ! ಇಷ್ಟು ವರ್ಷ ಈ ಹೆಂಗಸನ್ನು ಸ್ಟೇಷನ್ನುಗಳಲ್ಲೇ ಕಂಡೆ, ಊರಿಗೆಲ್ಲ ಮನೆ ಹುಡುಕುವ ನಿಮ್ಮ ಮನೆ ಎಲ್ಲಿ ಎಂದು ಒಂದು ದಿನವಾದರೂ ಬಾಯಿಬಿಟ್ಟು ಕೇಳಿರಲಿಲ್ಲ. ಆ ಗಲ್ಲಿಯಲ್ಲಿ ಮೊದಲು ಕಸದ ರಾಶಿಯೂ ಹಾಳು ಶೆಡ್ಡೂ ಇದ್ದವಂತೆ; ವಾರ್ಡ್ ಆಫೀಸಿಗೆ ಏಳು ವರ್ಷ ಅಲೆದು ಅದನ್ನು ತೆಗೆಸಿದವರು, ನಲ್ಲಿ ಹಾಕಿಸಿದವರು, ತುಳಸಿ ನೆಟ್ಟವರು ಇವರೇ ಎಂದು ಮಹಾದೇವಿ ಹೇಳುತ್ತ ಹೋದಳು. ನಾವು ಹೊಗಳಿದ ಗಾಳಿ ಬೆಳಕು ಅವರು ತಂದದ್ದು. ನಾವು ಹೊಗಳಿದ್ದಕ್ಕೇ ಅದು ಅವರ ಕೈಬಿಟ್ಟಿತ್ತು.

"ಹದಿನೆಂಟು ವರ್ಷ ಇದ್ದೆ" ಎಂದರು ಪ್ರಫುಲ್ಲಕ್ಕ. "ಎಗ್ರಿಮೆಂಟು ಮುಗಿದಿತ್ತು. ಸೇಟ್ ಹೊಸ ಭಾಡಾ ಹೇಳಿದ, ನನಗೆ ಆಗ್ಲಿಲ್ಲ. ಕಲ್ಯಾಣದಾಚೆ ವಾಂಗಣಿಯಲ್ಲಿ ಒಂದು ಸಿಕ್ಕಿದೆ."

"ನನ್ನಿಂದ ಆದದ್ದು ಅಕ್ಕ, ನನ್ನ ಹಾಳು ಬಾಯಿಯಿಂದ. ನಾವು ಬಿಟ್ಟುಕೊಡ್ತೇವೆ" ಎಂದು ನಮಿತಾ ಅತ್ತೇಬಿಟ್ಟಳು.

"ಬಿಟ್ರೆ ನನಗೆ ಬರ್ತದಾ? ಮೂರನೆಯವನಿಗೆ ಹೋಗ್ತದೆ. ಹುಡುಗಿಗೆ ಪರೀಕ್ಷೆ ಉಂಟಲ್ಲ, ಸುಮ್ಮನಿರಿ" ಎಂದರು. ಸಿಟ್ಟಿರಲಿಲ್ಲ, ಔದಾರ್ಯದ ಪ್ರದರ್ಶನವೂ ಇರಲಿಲ್ಲ. ಎಷ್ಟೋ ಗೋಡೆಗಳ ಬಗ್ಗೆ ತೀರ್ಪು ಕೊಟ್ಟ ಅದೇ ಧ್ವನಿ. ಆಮೇಲೆ ಜೇಬಿನಿಂದ ಗೋಲಿ ತೆಗೆದು ವಿಜೇತಾಳ ಕೈಗಿತ್ತು, "ಇಡು ನೋಡುವ" ಎಂದರು. ಅವಳು ನೆಲದ ನಡುವೆ ಇಟ್ಟಳು. ಗೋಲಿ ಕದಲಲಿಲ್ಲ. ಪ್ರಫುಲ್ಲಕ್ಕನ ಮುಖದಲ್ಲಿ ಒಂದು ಕ್ಷಣ, ಮಗಳನ್ನು ಒಳ್ಳೆಯ ಮನೆಗೆ ಕೊಟ್ಟವರ ಕಳೆ ಕಂಡಿತು. ಹಾಲು ಕುಡಿದು, ಲೋಟ ತೊಳೆದು ಬೋರಲು ಹಾಕಿ, ಗೋಲಿಯನ್ನು ಮರಳಿ ಜೇಬಿಗೆ ಸೇರಿಸಿ ಹೊರಟರು.

ಮಹಾನಗರದಲ್ಲಿ ಅಗ್ಗದ ನೆಲೆಯೆಂಬುದು ಹುಡುಕಿದರೆ ಎಲ್ಲೋ ಸಿಗುವ ವಸ್ತುವೆಂದೇ ನಾನು ನಂಬಿದ್ದೆ. ಹಾಗಲ್ಲ. ಕಸ ಬಿದ್ದಲ್ಲಿ ನೀರು ತರಿಸಿ, ನೀರು ಬಂದಲ್ಲಿ ತುಳಸಿ ನೆಟ್ಟು, ಮನುಷ್ಯರು ಬಾಳದ ಜಾಗವನ್ನು ಬಾಳುವಂತೆ ಮಾಡುವ ಒಂದು ಜಾತಿಯ ಜನ ಎಲ್ಲ ನಗರಗಳಲ್ಲೂ ಇರುತ್ತಾರೆ. ಜಾಗ ಬಾಳುವಂತಾದ ದಿನವೇ ಅದು ಅವರಿಗೆ ದುಬಾರಿಯಾಗುತ್ತದೆ. ಅವರು ಚಪ್ಪಲಿ ಮೆಟ್ಟಿ, ಇನ್ನೂ ನಾಲ್ಕು ಸ್ಟೇಷನ್ ಆಚೆ ಇಳಿದು, ಇನ್ನೊಂದು ತೇವದ ನೆಲದ ಮೇಲೆ ಕಣ್ಣು ಮುಚ್ಚಿ ನಿಲ್ಲುತ್ತಾರೆ. ನಾವು ಅವರ ಕಿಟಕಿಯ ಗಾಳಿಯನ್ನು ಹೊಗಳುತ್ತ ಒಳಗೆ ಬರುತ್ತೇವೆ, ಅವರ ಒಲೆಕಟ್ಟೆಯ ಮೇಲೆ ಹಾಲು ಉಕ್ಕಿಸುತ್ತೇವೆ, ಮೊದಲ ಲೋಟವನ್ನು ಅವರ ಕೈಗೇ ಕೊಟ್ಟು ಕುಡಿಯಿರಿ ಎನ್ನುತ್ತೇವೆ.