ಅಟ್ಟದಲ್ಲಿ ಒಣಗಿದ ಫೋನ್ ಬಿಲ್ಲು

ಬಾಳೂರಿನ ಕಡೆ ಮಳೆಗಾಲದಲ್ಲಿ ಮನೆಗೆ ಬಂದ ಕಾಗದವನ್ನು ಯಾರೂ ಕೂಡಲೇ ಓದುವುದಿಲ್ಲ. ಒದ್ದೆಯಾಗಿರುತ್ತದೆ, ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸಿ ಒಣಗಲಿ ಎನ್ನುತ್ತೇವೆ. ಒಣಗುತ್ತದೆ, ಮರೆತೂ ಹೋಗುತ್ತದೆ. ನಮ್ಮ ಬುದ್ಧಿಗೆ ಏನನ್ನಬೇಕೋ!

ಸಣ್ಣ ಕಾಫಿ ಬೆಳೆಗಾರ ಶಂಕರನ ಮನೆಯಲ್ಲಿ ಹೋದ ವರ್ಷ ಆಗಿದ್ದೂ ಇದೇ. ಅವನ ತಾಯಿ ದೇವೀರಮ್ಮನವರಿಗೆ ಉಬ್ಬಸ. ಆಷಾಢದ ಒಂದು ಸಂಜೆ ಅವರಿಗೆ ಉಸಿರು ಕಟ್ಟಿತು. ಜೀಪಿನವನನ್ನು ಕರೆಯಲು ಶಂಕರ ಫೋನ್ ಎತ್ತಿದ. ಸದ್ದೇ ಇಲ್ಲ. ಮಳೆಗೆ ಲೈನು ಬಿದ್ದಿರಬೇಕು ಅಂದುಕೊಂಡ. ಲೈನು ಬಿದ್ದಿರಲಿಲ್ಲ, ಬಿಲ್ಲು ಕಟ್ಟಿಲ್ಲವೆಂದು ಕತ್ತರಿಸಿದ್ದರು. ಬಿಲ್ಲು ಅಟ್ಟದಲ್ಲೇ ಇತ್ತು. ಶಂಕರನೂ ಅಕ್ಕಪಕ್ಕದವರೂ ತಾಯಿಯನ್ನು ಕಂಬಳಿಯಲ್ಲಿ ಕಟ್ಟಿ ರಸ್ತೆಯವರೆಗೆ ಹೊತ್ತರು, ಸಿಕ್ಕ ಲಾರಿ ಹತ್ತಿಸಿ ಮೂಡಿಗೆರೆ ಆಸ್ಪತ್ರೆ ಮುಟ್ಟಿಸಿದರು. ಜೀವ ಉಳಿದದ್ದು ನಮ್ಮೆಲ್ಲರ ಪುಣ್ಯ.

ದೇವೀರಮ್ಮನವರನ್ನು ನೋಡಲು ಮಹಿಳಾ ಸಂಘದ ಅರ್ಚನಾ ಬಂದಳು. ಸಂಘದ ಕೋಣೆಯಲ್ಲಿ ಹಳೆಯ ಕಂಪ್ಯೂಟರ್ ಒಂದಿದೆ. ಅದರಲ್ಲಿ ಚಿತ್ರವಿಲ್ಲ, ಮೌಸ್ ಇಲ್ಲ, ಬರೀ ಕಪ್ಪು ಪರದೆ. ಬಿಲ್ಲು ಬಂದ ಕೂಡಲೇ ಅದರ ಹೆಸರು, ಕೊನೆಯ ದಿನ ಟೈಪ್ ಮಾಡಿಡಬೇಕು. ಆಮೇಲೆ 'ಬಾಕಿ' ಎಂದು ಹೊಡೆದು ಎಂಟರ್ ಒತ್ತಿದರೆ ಕಟ್ಟದ ಬಿಲ್ಲುಗಳೆಲ್ಲ ಕಾಣುತ್ತವೆ, ಅವಸರದ್ದು ಮೇಲೆ ಬರುತ್ತದೆ. ಕಟ್ಟಿ ಬಂದು 'ಕಟ್ಟಿದೆ' ಎಂದು ಹೊಡೆದರೆ ಅದು ಪಟ್ಟಿಯಿಂದ ಹೋಗುತ್ತದೆ. ಅರ್ಚನಾ ಇಷ್ಟನ್ನೂ ನಿಧಾನವಾಗಿ ತಿಳಿಸಿದಳು.

ಶಂಕರನಿಗೆ ನಂಬಿಕೆ ಬರಲಿಲ್ಲ.

"ಕರೆಂಟೇ ಇರಲ್ಲ ಮಾರಾಯ್ತಿ. ಆ ಡಬ್ಬ ನನ್ ಬಿಲ್ ಕಟ್ಟುತ್ತಾ?"

"ಕಟ್ಟಲ್ಲ ಶಂಕರಣ್ಣ. ನೆನಪು ಮಾಡುತ್ತೆ ಅಷ್ಟೇ, ಕಟ್ಟೋರು ನೀವೇ. ಸಂತೆಗೆ ಬರ್ತೀರಲ್ಲ, ಕರೆಂಟ್ ಇದ್ದಾಗ ಪಟ್ಟಿ ಪ್ರಿಂಟ್ ತೆಗೆದು ಕೊಡ್ತೀನಿ. ಬಾಗಿಲಿಗೆ ಅಂಟಿಸಿ."

ಮಲಗಿದ್ದ ದೇವೀರಮ್ಮ ಮಗನ ಕೈ ಹಿಡಿದುಕೊಂಡರು.

"ಹೋಗಿ ಬರೆಸೋ ಮಗಾ. ಇನ್ನೊಂದ್ಸಲ ಕಂಬಳೀಲಿ ಹೊತ್ರೆ ನಾನು ತಡಿಯಲ್ಲ."

ಶಂಕರ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಮುಂದಿನ ಸಂತೆಯ ದಿನ ಅಟ್ಟದ ಕಾಗದವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಸಂಘಕ್ಕೆ ಹೋದ. ಒಂದೇ ಬೆರಳಲ್ಲಿ ತಡಕಾಡುತ್ತಾ ಫೋನಿನ ಬಿಲ್ಲನ್ನೇ ಮೊದಲು ಹೊಡೆದ. ಅದನ್ನು ಕಟ್ಟಿ, ಕತ್ತರಿಸಿದ್ದ ಲೈನನ್ನು ಮತ್ತೆ ಹಾಕಿಸಿಕೊಂಡ. ಅಂದಿನಿಂದ ಅವನು ಸಂತೆ ತಪ್ಪಿಸಿದರೂ ಪಟ್ಟಿ ತಪ್ಪಿಸಿಲ್ಲ.

ಈ ಆಷಾಢದಲ್ಲಿ ಅಮ್ಮನಿಗೆ ಮತ್ತೆ ಉಸಿರು ಕಟ್ಟಿತು. ಶಂಕರ ಫೋನ್ ಎತ್ತಿದ. ಗುಂಯ್ ಎಂಬ ಸದ್ದು ಕೇಳಿತು. ಜೀಪು ಅಂಗಳಕ್ಕೇ ಬಂತು, ಕಂಬಳಿ ಗೂಟದಲ್ಲೇ ಉಳಿಯಿತು.

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ಅಟ್ಟಕ್ಕೆ ಕೈ ಹಾಕಿ ನೋಡಿ. ಸಿಕ್ಕಿದ ಬಿಲ್ಲನ್ನು ಸಂಘಕ್ಕೆ ತನ್ನಿ, ಬರೆಸಿ, ದಿನ ಮೀರುವ ಮುಂಚೆ ಕಟ್ಟಿ. ಆಮೇಲೆ ಒಮ್ಮೆ ಫೋನ್ ಎತ್ತಿ ಕಿವಿಗಿಟ್ಟುಕೊಳ್ಳಿ.