ಯಾಕೂಬನ ಏಳು ಸೆಕೆಂಡು

ಕೈಗೆ ಅಂಟಿದ ಗೋರಿಯ ಮಣ್ಣನ್ನು ಬಾಳಪ್ಪ ಇನ್ನೂ ಕೊಡವಿರಲಿಲ್ಲ, ಅಷ್ಟರಲ್ಲಿ ಮುಝಮ್ಮಿಲ್ ಅವನ ಮುಖಕ್ಕೆ ಮೈಕು ಹಿಡಿದ.

"ಯಾಕೂಬ್ ಕಾಕನ ಬಗ್ಗೆ ಎರಡು ಮಾತು ಹೇಳಿ ಮಾರಾಯ್ರೆ. ಲೈವ್ ಹೋಗ್ತದೆ. ನಡುವೆ ನಾವು ಸ್ವಲ್ಪ ರೆಕಾರ್ಡ್ ಮಾಡಿದ ನಗು ಹಾಕ್ತೇವೆ."

"ಸತ್ತವನ ಮ್ಯಾಲೂ ಮಷಿನ್ ನಗು ಸುರೀತೀರೇನ್ರಿ?"

"ಕಾಮಿಡಿ ಶೋ ಅಲ್ವಾ? ಜನ ಕೇಳ್ಬೇಕಲ್ಲ."

ಮುಝಮ್ಮಿಲ್ ಅರಬ್ ನಾಡಿನ ಕನ್ನಡ ರೇಡಿಯೋದ ಮ್ಯಾನೇಜರ್. ಹತ್ತು ವರ್ಷದ ಹಿಂದೆ ಶೋದ ಹಾಸ್ಯಗಾರ ಯಾಕೂಬನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದವನೇ ಇವತ್ತು ಕಪ್ಪು ಕನ್ನಡಕ ಹಾಕಿಕೊಂಡು ದುಃಖಪಡಲು ಬಂದಿದ್ದ. ಮೂರೂ ಬಿಟ್ಟವರು ಊರಿಗೆ ದೊಡ್ಡವರು! ಬೆಳಿಗ್ಗೆ ದೇರಾದ ಫ್ಲ್ಯಾಟಿನಲ್ಲಿ ಯಾಕೂಬನ ಹೆಂಡತಿ ಸೌದಾ ಬೇಡಿಕೊಂಡದ್ದು ಒಂದೇ: "ರೇಡಿಯೋದವರು ಬರ್ತಾರೆ ಬಾಳಪ್ಪಣ್ಣ. ಆ ಮಷಿನಿನ ನಗು ಮಾತ್ರ ಹಾಕ್ಲಿಕ್ಕೆ ಬಿಡ್ಬೇಡಿ."

*

ಯಾಕೂಬ್ ರೇಡಿಯೋದಲ್ಲಿದ್ದಾಗ ಪ್ರತಿ ಶುಕ್ರವಾರ, ಜೆಬೆಲ್ ಅಲಿಯ ಕಾರ್ಮಿಕರ ಕ್ಯಾಂಪಿನಲ್ಲಿ, ಕ್ರೇನ್ ಆಪರೇಟರ್ ಬಾಳಪ್ಪನ ರೂಮಿನ ಎಂಟೂ ಮಂದಿ ಒಂದೇ ರೇಡಿಯೋಗೆ ಕಿವಿಗೊಡುತ್ತಿದ್ದರು. ಯಾಕೂಬ್ ಏನೇನೋ ಹರಟಿ ಕೊನೆಗೆ ಕೇಳುತ್ತಿದ್ದ: "ಊರಿಗೆ ಹೋಗ್ಲಿಕ್ಕೆ ರೆಡಿಯಾ ಮಾರಾಯ? ಪಾಸ್‌ಪೋರ್ಟ್ ಎಲ್ಲುಂಟು?"

ಆಮೇಲೆ ಏಳು ಸೆಕೆಂಡು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿ ಬೀಗದೊಳಗಿದೆ ಎಂದು ಎಲ್ಲರಿಗೂ ಗೊತ್ತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗುವಿನ ಋಣಕ್ಕೇ ಬಾಳಪ್ಪ ಅವನನ್ನು ಹುಡುಕಿಕೊಂಡು ಹೋಗಿ ಗೆಳೆಯನಾದದ್ದು.

ಜಾಹೀರಾತಿನವರಿಗೆ ಆ ಮೌನ ಹಿಡಿಸಲಿಲ್ಲ. ಮುಝಮ್ಮಿಲ್ ಅದರೊಳಗೆ ಮಷಿನ್ ನಗು ತುಂಬಿಸಿದ.

"ನಗುವವರು ಕ್ಯಾಂಪಲ್ಲಿದ್ದಾರೆ," ಎಂದು ಯಾಕೂಬ್ ಕೂಗಾಡಿದ. "ಅವರ ನಗೆಯನ್ನು ನೀವು ಯಾಕೆ ನಗ್ತೀರಿ?"

ಮರುವಾರ ಅವನ ಜಾಗದಲ್ಲಿ ಬೇರೊಬ್ಬನಿದ್ದ. ಖಲಾಸ್.

*

ದಫನಕ್ಕೆ ಬಂದಿದ್ದ ಕ್ಯಾಂಪಿನವರು ಗೇಟಿನ ಪಕ್ಕ ಕಂಪನಿ ಬಸ್ಸು ಹತ್ತಿ ಕೂತಿದ್ದರು. ಇದೇ ಲೈವ್ ಕೇಳಲೆಂದು ಡ್ರೈವರ್ ರೇಡಿಯೋ ಜೋರು ಮಾಡಿದ್ದ.

ಬಾಳಪ್ಪ ಮೈಕು ಕಸಿದುಕೊಂಡ.

"ಊರಿಗೆ ಹೋಗ್ಲಿಕ್ಕೆ ರೆಡಿಯಾ ಮಾರಾಯ? ಪಾಸ್‌ಪೋರ್ಟ್ ಎಲ್ಲುಂಟು?"

ಅಷ್ಟು ಹೇಳಿ ಬಾಯಿ ಮುಚ್ಚಿದ.

"ಮಾತಾಡಿ ಮಾರಾಯ್ರೆ, ಲೈವ್ ಉಂಟು!" ಮುಝಮ್ಮಿಲ್ ಪಿಸುಗುಟ್ಟಿದ. ಬಾಳಪ್ಪ ಕದಲಲಿಲ್ಲ. ಮುಝಮ್ಮಿಲ್ ಬೆವರುತ್ತಾ ಸ್ಟುಡಿಯೋಗೆ ಫೋನ್ ಹಚ್ಚಿದ. "ನಗು ಹಾಕು! ಯಲ್ಲಾ, ಬೇಗ ನಗು ಹಾಕು!"

ಅದಕ್ಕೂ ಮೊದಲೇ ಬಸ್ಸಿನೊಳಗೆ ಯಾರೋ ಒಬ್ಬ ನಕ್ಕ. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಇಡೀ ಬಸ್ಸು. ನೀಲಿ ಯೂನಿಫಾರ್ಮಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದರು.

ಬಾಳಪ್ಪ ಮಣ್ಣು ಮೆತ್ತಿದ ಮೈಕನ್ನು ಬಸ್ಸಿನ ಕಿಟಕಿಗಳ ಕಡೆಗೆ ಎತ್ತಿ ಹಿಡಿದ.